ಓದುಗರ ಪ್ರಶ್ನೆ: ಕಾವ್ಯ, ದರ್ಶನ, ಮನಸ್ಸು

ಪ್ರಶ್ನೆ: ಎಸ್.ಕೆ. ರಾಮಚಂದ್ರರಾಯರು ಮನಶ್ಶಾಸ್ತ್ರದ ಮೇಷ್ಟ್ರಾಗಿದ್ದರಂತೆ. ನಮ್ಮೂರ ಗ್ರಂಥಾಲಯದಲ್ಲಿ ಅವರ ಹೆಸರಿನಲ್ಲಿ ಸಿಗುವುದೆಲ್ಲ ಆಗಮ (ದೇವಾಲಯ, ಪೂಜೆಗಳ ಶಾಸ್ತ್ರ), ಮೂರ್ತಿಶಿಲ್ಪ, ಪುರಂದರದಾಸರು. ಒಬ್ಬರೇನಾ? ಎಲ್ಲಿಂದ ಓದಲಿ?

ಉತ್ತರ: ಒಬ್ಬರೇ. ರಾಯರು (1925–2006) ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮನಶ್ಶಾಸ್ತ್ರ ಕಲಿಸಿದವರು. ಆ ಸಂಸ್ಥೆಯೇ ಮುಂದೆ ನಿಮ್ಹಾನ್ಸ್ ಆಯಿತು. ಭಾರತದಲ್ಲಿ ಮನಸ್ಸಿನ ಕುರಿತ ಚಿಂತನೆ ಬೆಳೆದುಬಂದ ಬಗೆಯನ್ನು ಹೇಳುವ ಅವರ ಇಂಗ್ಲಿಷ್ ಪುಸ್ತಕ 1962ರಲ್ಲಿ ಮೈಸೂರಿನಿಂದ ಹೊರಬಂತು. ಅದರಿಂದ ಶುರುಮಾಡಿ. ಅವರ ಹನ್ನೆರಡು ಸಂಪುಟದ ಆಗಮಕೋಶವನ್ನು ಮೊದಲ ಪುಟದಿಂದ ಹಿಡಿಯಬೇಡಿ, ಕೋಶ ಇರುವುದು ಬೇಕಾದಾಗ ತೆರೆದು ನೋಡಲಿಕ್ಕೆ.

ಓದುವಾಗ ಪದ, ಗ್ರಂಥ, ಅರ್ಥ ಎಂದು ಮೂರು ಕಲಂ ಎಳೆದ ನೋಟ್‌ಬುಕ್ ಪಕ್ಕದಲ್ಲಿರಲಿ. 'ಚಿತ್ತ'ವನ್ನೇ ನೋಡಿ: ವೇದಾಂತದಲ್ಲಿ ಮನಸ್ಸು, ಬುದ್ಧಿ, ಅಹಂಕಾರಗಳ ಜೊತೆ ಅಂತಃಕರಣದ (ಅರಿಯುವ, ಯೋಚಿಸುವ ಒಳಗಿನ ಸಾಧನದ) ನಾಲ್ಕರಲ್ಲಿ ಅದೂ ಒಂದು. ಸಾಂಖ್ಯದ ಅಂತಃಕರಣದಲ್ಲಿ ಮೂರೇ ಇವೆ, ಚಿತ್ತದ ಲೆಕ್ಕವಿಲ್ಲ. ಯೋಗಸೂತ್ರಕ್ಕೆ ಬಂದರೆ ಇಡೀ ಅಂತಃಕರಣವೇ ಚಿತ್ತ. ಮೂರನ್ನೂ ಒಟ್ಟಿಗೆ 'ಮೈಂಡ್' ಎಂದು ಬರೆದುಕೊಂಡರೆ ಮುಂದೆ ಬಿಡಿಸಲಾಗದ ಗಂಟು.

ಪ್ರಶ್ನೆ: ಕನ್ನಡ ಎಂ.ಎ. ಮುಗಿಸಿದ್ದೇನೆ. ರಸಸಿದ್ಧಾಂತ (ಕಾವ್ಯ, ನಾಟಕಗಳಿಂದ ಆಗುವ ಅನುಭವದ ಸಿದ್ಧಾಂತ) ಮತ್ತು ಮನಶ್ಶಾಸ್ತ್ರ ಸೇರಿಸಿ ಪಿಎಚ್.ಡಿ. ಮಾಡುವಾಸೆ. ಯಾವ ವಿಭಾಗ? ಭಾವಗಳ ಹೋಲಿಕೆಯ ಪಟ್ಟಿ ಆಗಲೇ ಮಾಡಿಟ್ಟಿದ್ದೇನೆ.

ಉತ್ತರ: ಕನ್ನಡ ವಿಭಾಗದಲ್ಲೇ ನೋಂದಾಯಿಸಿ, ಸಹಮಾರ್ಗದರ್ಶಕರು ಮನಶ್ಶಾಸ್ತ್ರದವರಿರಲಿ. ಮುಂದೆ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಿದಾಗ ಮೊದಲು ಕೇಳುವುದು ನಿಮ್ಮ ಎಂ.ಎ. ವಿಷಯವನ್ನೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಎಂ.ಎ.ಯಲ್ಲಿ ಶೇ. 55 ಅಂಕ ಬೇಕು (ಮೀಸಲು ವರ್ಗಗಳಿಗೆ ಶೇ. 5 ಸಡಿಲಿಕೆ). ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದೂ ಸೇರಿ ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ.

ಇನ್ನು ನಿಮ್ಮ ಪಟ್ಟಿ. ದಯವಿಟ್ಟು ಪಕ್ಕಕ್ಕಿಡಿ. ನಾಟ್ಯಶಾಸ್ತ್ರದ ಭರತನ ಸ್ಥಾಯಿಭಾವ (ನೆಲೆನಿಲ್ಲುವ ಭಾವ) ಎಂಟು, ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಮೊದಲು ಹೇಳಿದ ಮೂಲಭಾವಗಳು ಆರು. ಕ್ರೋಧ, ಭಯ, ಜುಗುಪ್ಸೆ, ಶೋಕ, ವಿಸ್ಮಯ ಹೇಗೋ ಹೊಂದುತ್ತವೆ. ಹಾಸವನ್ನು (ನಗುವನ್ನು) ಸಂತೋಷದ ಮುಂದೆ ಕೂರಿಸುವಾಗಲೇ ಎಳೆದಾಟ ಶುರು. ರತಿ (ಪ್ರೇಮ), ಉತ್ಸಾಹಗಳಿಗಂತೂ ಆ ಕಡೆ ಜಾಗವೇ ಇಲ್ಲ. ಎಕ್ಮನ್ ಹುಡುಕಿದ್ದು ಮುಖದ ಮೇಲೆ ಗುರುತಿಸಬಹುದಾದದ್ದನ್ನು, ಭರತ ಹುಡುಕಿದ್ದು ಇಡೀ ನಾಟಕವನ್ನು ಹೊತ್ತು ನಿಲ್ಲಬಲ್ಲದ್ದನ್ನು. ಪಟ್ಟಿ ಕೂಡದಿರುವುದು ನಿಮ್ಮ ತಪ್ಪಲ್ಲ.

ಬದಲಿಗೆ ಒಂದು ಸಣ್ಣ ಪ್ರಶ್ನೆ ಹಿಡಿಯಿರಿ. ಉದಾಹರಣೆಗೆ, ಸಾತ್ತ್ವಿಕಭಾವಗಳು, ಅಂದರೆ ಭಾವ ಉಕ್ಕಿದಾಗ ಮೈಯಲ್ಲಿ ಕಾಣುವ ಬದಲಾವಣೆಗಳು: ಸ್ತಂಭ (ಮೈ ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಬದಲಾಗುವುದು), ವೇಪಥು (ನಡುಕ), ವೈವರ್ಣ್ಯ (ಬಣ್ಣಗೆಡುವುದು), ಅಶ್ರು (ಕಣ್ಣೀರು), ಪ್ರಲಯ (ಮೂರ್ಛೆ). ಮೈಯ ಬದಲಾವಣೆ ಮೊದಲು, ಅದರ ಅರಿವೇ ಭಾವ ಎಂದು ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲಿ ವಾದಿಸಿದ. ಎರಡನ್ನೂ ಜೋಡಿಸುವ ಆಸೆ ಸಹಜ. ಆದರೆ ಜೇಮ್ಸ್ ಹೇಳುತ್ತಿರುವುದು ಸ್ವತಃ ಹೆದರಿದವನ ವಿಷಯ. ರಂಗದ ಮೇಲೆ ಬೆವರುವವನು ನಟ, ಹೆದರಿದ್ದು ಪಾತ್ರ, ಭರತನಿಗೆ ವ್ಯಾಖ್ಯಾನ ಬರೆದ ಅಭಿನವಗುಪ್ತನ ಪ್ರಕಾರ ರಸ ಸಹೃದಯನದು (ನೋಡುವ ರಸಿಕನದು). ಯಾರ ಅನುಭವವನ್ನು ಅಳೆಯುತ್ತಿದ್ದೀರಿ ಎಂದು ಸಾರಲೇಖದ (ಸಿನಾಪ್ಸಿಸ್) ಮೊದಲ ಪುಟದಲ್ಲೇ ಬರೆಯದಿದ್ದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಇಲ್ಲಿಯೇ.

ಓದುಗರನ್ನು ಕೇಳುವ ಯೋಚನೆಯಿದ್ದರೆ, ಹರಿಶ್ಚಂದ್ರಕಾವ್ಯದಲ್ಲಿ ಚಂದ್ರಮತಿ ಅಳುವ ಭಾಗ ಕೊಟ್ಟು "ದುಃಖವಾಯಿತೇ?" ಎನ್ನಬೇಡಿ. ಹೌದೆನ್ನದವರು ಯಾರು? ಮೊದಲು ತಮ್ಮ ಮಾತಲ್ಲಿ ನಾಲ್ಕು ಸಾಲು ಬರೆಯಲಿ, ಆಮೇಲೆ ಆಯ್ಕೆಯ ಪಟ್ಟಿ ಕೊಡಿ. ಅದು ಮೊದಲೇ ಕಣ್ಣಿಗೆ ಬಿದ್ದರೆ ಅದರ ಪದಗಳೇ ಉತ್ತರದಲ್ಲೂ ಬರುತ್ತವೆ. ನೈತಿಕ ಸಮಿತಿಯ ಒಪ್ಪಿಗೆಯನ್ನು ಪ್ರಶ್ನಾವಳಿ ಹಂಚುವ ಮುಂಚೆಯೇ ಪಡೆಯಿರಿ.

ಪ್ರಶ್ನೆ: ಈ ಪಿಎಚ್.ಡಿ. ಆದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಬಹುದೇ?

ಉತ್ತರ: ಆಗದು. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯಮಾಡಿದ ತರಬೇತಿಯೂ ಅಲ್ಲಿನ ನೋಂದಣಿಯೂ ಬೇಕು.