ದಾನಿಯ ಅಂಡಾಣುವಿನಿಂದ ಹುಟ್ಟುವ ಮಗು ಯಾರ ಬರಿಗೆ ಸೇರುತ್ತದೆ?

ನಲವತ್ತೊಂದರ ವಯಸ್ಸಿನಲ್ಲಿ, ಎಎಂಎಚ್ (ಅಂಡಾಶಯದಲ್ಲಿ ಅಂಡಾಣುಗಳು ಎಷ್ಟು ಉಳಿದಿವೆಯೆಂದು ಸೂಚಿಸುವ ಹಾರ್ಮೋನ್) ತೀರಾ ಕಡಿಮೆಯಿರುವಾಗ ದಾನಿ ಅಂಡಾಣುವಿನ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಫಲಿಸೀತೇ ಎಂದು ಕೇಳಿದ್ದೀರಿ. ಜೊತೆಗೆ, ತಾಯಿಯ ಕಡೆಯಿಂದ ಬರಿ (ತುಳುನಾಡಿನಲ್ಲಿ ಗೋತ್ರದಂತೆ ಎಣಿಸುವ ಕುಲ) ಎಣಿಸುವ ನಿಮ್ಮ ಉಡುಪಿಯ ಕುಟುಂಬದಲ್ಲಿ ಆ ಮಗುವಿನ ಬರಿ ಯಾವುದೆಂದು ನಿಮ್ಮ ಅಮ್ಮ ಚಿಂತಿಸುತ್ತಿದ್ದಾರೆ ಎಂದೂ ಬರೆದಿದ್ದೀರಿ. ಮಂಗಳೂರಿನಲ್ಲಿ ಇದೇ ಚಿಕಿತ್ಸೆಯಿಂದ ತಾಯಿಯಾದವಳಾಗಿ ಉತ್ತರಿಸುತ್ತಿದ್ದೇನೆ.

ವಯಸ್ಸು ಹೆಚ್ಚಾಗಿ ಬಾಧಿಸುವುದು ಅಂಡಾಣುವನ್ನು, ಗರ್ಭಕೋಶವನ್ನು ಅಷ್ಟಾಗಿ ಅಲ್ಲ; ಹೀಗಾಗಿ ಇಲ್ಲಿ ನಿಮ್ಮ ವಯಸ್ಸಿಗಿಂತ ದಾನಿಯ ವಯಸ್ಸಿಗೇ ಬೆಲೆ ಹೆಚ್ಚು. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆಯಂತೆ ದಾನಿ 23ರಿಂದ 35 ವರ್ಷದೊಳಗಿನವಳಾಗಿರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬೇಕು, ಮತ್ತು ಆಕೆಯಿಂದ 7ಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಆ ಏಳರಲ್ಲಿ ಕೆಲವು ಬಲಿತಿರುವುದಿಲ್ಲ, ಬಲಿತವೆಲ್ಲ ನಿಮ್ಮ ಯಜಮಾನರ ವೀರ್ಯಾಣುವಿನೊಡನೆ ಕೂಡಿ ಭ್ರೂಣವಾಗುವುದೂ ಇಲ್ಲ. ಆದ್ದರಿಂದ ಹತ್ತಾರು ಭ್ರೂಣಗಳ ಆಸೆ ತೋರಿಸುವ ಕಡೆ ಹೋಗದಿರುವುದೇ ಲೇಸು. ಆಕೆ ಹಲವು ದಿನ ಹಾರ್ಮೋನ್ ಚುಚ್ಚಿಸಿಕೊಂಡು, ಅರಿವಳಿಕೆಯಲ್ಲಿ ಮಲಗಿ ಇದನ್ನು ಕೊಡುತ್ತಾಳೆ. ಆಕೆಯ ಹೆಸರಿನಲ್ಲಿ 12 ತಿಂಗಳ ವಿಮೆ ಮಾಡಿಸುವುದು ಕಾನೂನಿನಂತೆ ನಿಮ್ಮ ಹೊಣೆ.

ನಿಮ್ಮ ಪಾಲಿಗೆ ಬರುವುದು ಗರ್ಭಕೋಶದ ಒಳಪದರ ದಪ್ಪವಾಗಲು ಈಸ್ಟ್ರೋಜನ್ ಮಾತ್ರೆ, ಆಗಾಗ ಸ್ಕ್ಯಾನಿಂಗ್, ಅನಂತರ ಗರ್ಭ ನಿಲ್ಲಲು ನೆರವಾಗುವ ಪ್ರೊಜೆಸ್ಟರಾನ್ ಹಾರ್ಮೋನಿನ ಇಂಜೆಕ್ಷನ್. ಎಣ್ಣೆಯಂತಹ ಆ ಇಂಜೆಕ್ಷನ್ ಚುಚ್ಚಿದ ಸೊಂಟದ ಕೆಳಗೆ ಗಟ್ಟಿ ಗಂಟುಗಳೆದ್ದು, ಮಗ್ಗುಲು ಬದಲಿಸುವುದೇ ನನಗೆ ಕಷ್ಟವಾಗುತ್ತಿತ್ತು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಇನ್ನು ಬರಿಯ ವಿಚಾರ. ಮಗುವಿನ ವಂಶವಾಹಿಗಳು ನಿಮ್ಮವಲ್ಲ, ದಾನಿಯವು ಮತ್ತು ನಿಮ್ಮ ಯಜಮಾನರವು; ಇದನ್ನು ಅಮ್ಮನಿಂದ ಮುಚ್ಚಿಡಬೇಕಿಲ್ಲ. ಆದರೆ ಕಾಯ್ದೆಯ ಕಣ್ಣಿನಲ್ಲಿ ಮಗು ಪೂರ್ಣವಾಗಿ ನಿಮ್ಮಿಬ್ಬರದು, ದಾನಿಗೆ ಯಾವ ಹಕ್ಕೂ ಉಳಿಯುವುದಿಲ್ಲ. ಆಕೆಯ ಗುರುತು ಗೋಪ್ಯವಾಗಿರುವುದರಿಂದ ಆಕೆಯ ಬರಿ ಕೇಳಿ ತಿಳಿಯುವ ದಾರಿಯೂ ಇಲ್ಲ. ಮುಂದೆ ಮಗುವಿಗೆ ಮದುವೆ ಸಂಬಂಧ ಕೂಡಿಸುವಾಗ ರಕ್ತಸಂಬಂಧ ಅಡ್ಡ ಬಂದೀತೆಂಬುದು ನಮ್ಮತ್ತೆಯ ಭಯವಾಗಿತ್ತು. ಒಬ್ಬ ದಾನಿಯ ಅಂಡಾಣುವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡುವಂತಿಲ್ಲವೆಂದು ತಿಳಿದ ಮೇಲೆ ಅದು ಬಹುಮಟ್ಟಿಗೆ ಇಳಿಯಿತು. ನಮ್ಮ ಮನೆಯ ಹಿರಿಯರು ಹೆತ್ತವಳ ಬರಿಯೇ ಮಗುವಿನದು ಎಂದರು. ದತ್ತು ಬಂದ ಮಕ್ಕಳನ್ನೂ ಕುಟುಂಬಕ್ಕೆ ಸೇರಿಸಿಕೊಂಡವರು ನಾವು. ಒಂಬತ್ತು ತಿಂಗಳು ಹೊತ್ತ ಮಗುವನ್ನು ಬೇರೆಯೆಂದು ಎಣಿಸುವುದು ನನಗಂತೂ ಸರಿ ಕಾಣುವುದಿಲ್ಲ.

ದಾನಿ ಅಂಡಾಣುವಿನ ಗರ್ಭದಲ್ಲಿ ರಕ್ತದೊತ್ತಡ ಏರುವ ಸಂಭವ ಹೆಚ್ಚು. ಹಾಗಾಗಿ ಗರ್ಭ ನಿಂತ ಮೇಲೆ ತಪಾಸಣೆಗೆ ಹೋದಾಗಲೆಲ್ಲ ಬಿಪಿ ನೋಡಿಸಿ, ಇದು ದಾನಿ ಅಂಡಾಣುವಿನ ಗರ್ಭವೆಂದು ಹೆರಿಗೆಯ ವೈದ್ಯರಿಗೂ ತಿಳಿಸಿ.