ಮಳೆಗಾಲದ ಕಾಡುದಾರಿಯಲ್ಲಿ ಮೌಂಟನ್ ಬೈಕ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಕಲೇಶಪುರದ ಕಡೆ ಕಾಫಿ ತೋಟದಂಚಿನ ಕಾಡುದಾರಿಗಳಲ್ಲಿ ಸೈಕಲ್ ಹೊಡೆಯುತ್ತೇನೆ. ಬೇಸಿಗೆಯಲ್ಲಿ ಸಲೀಸಾಗಿ ದಾಟುವ ಮರದ ಬೇರುಗಳ ಮೇಲೆ ಜೂನ್ ಬಂತೆಂದರೆ ಮುಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. 29 ಇಂಚಿನ ಚಕ್ರ, 2.4 ಇಂಚಿನ ಟ್ಯೂಬ್‌ಲೆಸ್ ಟಯರ್, ಗಾಳಿ 30 ಪಿಎಸ್‌ಐ, ನನ್ನ ತೂಕ 70 ಕೆ.ಜಿ. ಟಯರ್ ಬದಲಿಸಬೇಕೇ?

ಉತ್ತರ: ದುಡ್ಡು ಖರ್ಚು ಮಾಡುವ ಮೊದಲು ಗಾಳಿ ಇಳಿಸಿ. ನಿಮ್ಮ ತೂಕಕ್ಕೆ, ಅಷ್ಟು ಅಗಲದ ಟಯರಿಗೆ 30 ಹೆಚ್ಚಾಯಿತು. ಮುಂದೆ 21, ಹಿಂದೆ 24ರಿಂದ ಶುರು ಮಾಡಿ. ತಿರುವಿನಲ್ಲಿ ಟಯರ್ ಮಗುಚಿದಂತೆ ಓಲಾಡಿದರೆ, ಇಲ್ಲವೇ ಕಲ್ಲಿಗೆ ರಿಮ್ ಬಡಿದು ಟಕ್ಕೆಂದರೆ ಎರಡು ಪಿಎಸ್‌ಐ ಏರಿಸಿ. ಫ್ಲೋರ್ ಪಂಪಿನ ಮುಳ್ಳು ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದು ಅಪರೂಪ, ಡಿಜಿಟಲ್ ಗೇಜಿನಲ್ಲೇ ಅಳೆಯಿರಿ.

ಗಾಳಿ ಸರಿಯಾದರೂ ಬೇರಿನ ಮೇಲೆ ಬ್ರೇಕ್ ಹಿಡಿದರೆ ಜಾರುವುದು ತಪ್ಪದು. ತೊಗಟೆ ಸವೆದ ಬೇರಿಗೆ ನೀರು, ಪಾಚಿ ಸೇರಿದಾಗ ಟಯರಿಗೆ ಸಿಗುವ ಹಿಡಿತವೇ ಅಷ್ಟಿಷ್ಟು. ಬ್ರೇಕೋ ತಿರುವೋ ಅದನ್ನು ತಿಂದುಬಿಟ್ಟರೆ ಚಕ್ರ ಬೇರಿನ ಇಳಿಜಾರನ್ನೇ ಹಿಡಿದು ಹೋಗುತ್ತದೆ. ಹಾಗಾಗಿ ವೇಗ ತಗ್ಗಿಸುವ ಕೆಲಸವನ್ನು ಬೇರಿಗೆ ಎರಡು ಮೂರು ಮೀಟರ್ ಮೊದಲೇ, ಮಣ್ಣಿನ ಮೇಲೆ ಮುಗಿಸಿ. ಬೇರು ಬಂದಾಗ ಎರಡೂ ಬ್ರೇಕ್ ಲಿವರ್ ಬಿಟ್ಟು, ಪೆಡಲ್‌ಗಳನ್ನು ಸಮಮಟ್ಟಕ್ಕೆ ತಂದು, ಮುಂದಿನ ಚಕ್ರದ ಭಾರ ತುಸು ಹಗುರ ಮಾಡಿ ನೇರ ದಾಟಿ. ದಾರಿಗೆ ಓರೆಯಾಗಿ ಬಿದ್ದ ಬೇರೇ ಹೆಚ್ಚು ಜನರನ್ನು ಬೀಳಿಸುವುದು. ಅಂಥ ಕಡೆ ಸ್ವಲ್ಪ ಮೊದಲೇ ಹೊರಗೆ ಸರಿದು, ಚಕ್ರ ಬೇರಿಗೆ ಅಡ್ಡಲಾಗಿ, ಆದಷ್ಟು 90 ಡಿಗ್ರಿಯಲ್ಲಿ ತಾಗುವಂತೆ ದಾರಿ ಆರಿಸಿಕೊಳ್ಳಿ. ಏರಿನಲ್ಲಿ ಹಿಂದಿನ ಚಕ್ರ ಬರಿದೇ ಸುತ್ತಿದರೆ ಒಂದು ಗೇರ್ ಭಾರ ಮಾಡಿ, ಸೀಟಿನ ಮೂತಿಗೆ ಸರಿದು ಕುಳಿತು ತುಳಿಯಿರಿ. ಎದ್ದು ನಿಂತು ತುಳಿದರೆ ಇನ್ನಷ್ಟು ಜಾರುತ್ತದೆ.

ಇಷ್ಟಾದ ಮೇಲೂ ತೃಪ್ತಿಯಿಲ್ಲದಿದ್ದರೆ ಮುಂದಕ್ಕೆ ಮಾತ್ರ ಮೆದು ರಬ್ಬರಿನ ಟಯರ್ ಹಾಕಿ. ಒದ್ದೆ ಬೇರಿನ ಮೇಲೆ ಟಯರಿನ ಮೈಮೇಲಿನ ಉಬ್ಬುಗಳ ಎತ್ತರಕ್ಕಿಂತ ರಬ್ಬರಿನ ಮೆದುತನವೇ ಕೆಲಸಕ್ಕೆ ಬರುವುದು.

ಪ್ರಶ್ನೆ: ಹೊಸ ಡಿಸ್ಕ್ ಬ್ರೇಕ್ ಪ್ಯಾಡ್‌ಗಳು ಕೆಲವೇ ಮಳೆ ಸವಾರಿಗಳಲ್ಲಿ ಸವೆದವು. ಪ್ಯಾಡ್ ಕಳಪೆಯೇ?

ಉತ್ತರ: ಕಳಪೆ ಇರಲಿಕ್ಕಿಲ್ಲ, ಅವು ರೆಸಿನ್ (ರಾಳದಿಂದ ಅಂಟಿಸಿದ ಮೆದು ಪದಾರ್ಥದ) ಪ್ಯಾಡ್‌ಗಳಿರಬೇಕು. ಮರಳು ಬೆರೆತ ಕೆಸರುನೀರು ರೋಟರಿಗೂ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ) ಪ್ಯಾಡಿಗೂ ನಡುವೆ ಉಪ್ಪುಕಾಗದದಂತೆ ಉಜ್ಜುತ್ತದೆ. ಮಳೆಗಾಲಕ್ಕೆ ಮೆಟಲ್ ಪ್ಯಾಡ್ ಹಾಕಿಸಿ. ಸದ್ದು ಹೆಚ್ಚು, ತಣ್ಣಗಿರುವಾಗ ಹಿಡಿತ ತುಸು ಕಡಿಮೆ, ಬಾಳಿಕೆ ಮಾತ್ರ ಗಟ್ಟಿ. ಕೊಳ್ಳುವ ಮುನ್ನ ರೋಟರ್ ನೋಡಿ: ಅದರ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಕೊರೆದಿದ್ದರೆ ರೋಟರನ್ನೂ ಬದಲಿಸಬೇಕು, ಇಲ್ಲವಾದರೆ ಮೆಟಲ್ ಪ್ಯಾಡ್ ಅದನ್ನು ಬೇಗ ಸವೆಸುತ್ತದೆ.

ಹಾಕಿದ ಮೇಲೆ ಒಣ ರಸ್ತೆಯಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, 20 ಸಲ ಬ್ರೇಕ್ ಹಿಡಿದು ಪ್ಯಾಡ್ ಕೂರಿಸಿ. ಇದನ್ನು ಬಿಟ್ಟು ನೇರ ಮಳೆಗೆ ಇಳಿದವರ ಪ್ಯಾಡ್ ಬೇಗ ಹಾಳಾಗುತ್ತದೆ. ಪ್ಯಾಡಿನ ಪದಾರ್ಥ 0.5 ಮಿ.ಮೀ.ಗೆ ಇಳಿಯುವ ಮೊದಲೇ ಬದಲಿಸಿ. ಒಣಗಿದ ಮೇಲೂ ಕಿರುಚಾಟ ನಿಲ್ಲದಿದ್ದರೆ ಚೈನಿನ ಎಣ್ಣೆ ರೋಟರಿಗೆ ಸಿಡಿದಿರಬಹುದು. ರೋಟರನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಎಣ್ಣೆ ಹೀರಿದ ಪ್ಯಾಡ್ ಉಳಿಯುವುದು ಕಷ್ಟ.

ಪ್ರಶ್ನೆ: ಸರ್ವಿಸ್ ಸ್ಟೇಷನ್ನಿನ ಜೆಟ್ ನೀರಿನಲ್ಲಿ ಕೆಸರು ತೊಳೆಸಬಹುದೇ?

ಉತ್ತರ: ಬೇಡ. ಹಬ್ (ಚಕ್ರದ ನಡುಭಾಗ), ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚು), ಹ್ಯಾಂಡಲ್ ತಿರುಗಿಸುವ ಹೆಡ್‌ಸೆಟ್‌ಗಳ ಸೀಲ್ ದಾಟಿ ನೀರು ಬೇರಿಂಗಿನ ಗ್ರೀಸ್ ತೊಳೆದುಬಿಡುತ್ತದೆ. ಬಕೆಟ್, ಬ್ರಷ್ ಸಾಕು. ಚೈನ್ ಒಣಗಿಸಿ ಪ್ರತಿ ರೋಲರಿಗೆ ಒಂದು ಹನಿ ವೆಟ್ ಲ್ಯೂಬ್ (ಮಳೆಗೆ ತೊಳೆದುಹೋಗದ ಚೈನ್ ಎಣ್ಣೆ) ಬಿಟ್ಟು, ಸ್ವಲ್ಪ ಹೊತ್ತಿನ ನಂತರ ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ಇಂಬಳ (ಕಾಡಿನ ಜಿಗಣೆ) ಹತ್ತಿದರೆ ಉಪ್ಪು ಹಾಕಬಹುದೇ?

ಉತ್ತರ: ಕಚ್ಚಿದ ಮೇಲೆ ಬೇಡ, ಹೀರಿದ್ದನ್ನು ಗಾಯದೊಳಕ್ಕೇ ಕಾರಬಹುದು. ಅದರ ಸಣ್ಣ ತುದಿಯ ಬಾಯಿಗೆ ಉಗುರು ತೂರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥ ಅದರ ಜೊಲ್ಲಿನಲ್ಲಿರುವುದರಿಂದ ರಕ್ತ ಸೋರುತ್ತಲೇ ಇರುತ್ತದೆ. ಸೋಪುನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.