ಬೇಗ ಬೆಳೆಯುವ ಪೈನ್ ತಳಿಯ ಹಲಗೆ ಬಾಗುವುದೇಕೆ?

ತಳಿಯೊಂದನ್ನೇ ದೂರುವಂತಿಲ್ಲ. ದಾವಣಗೆರೆಯಲ್ಲಿ ಕಪಾಟಿಗೆಂದು ನೀವು ತಂದ ನ್ಯೂಜಿಲೆಂಡ್ ಪೈನ್ ಹಲಗೆ ಬಾಗಿದ್ದರೆ, ಅದು ಕಾಂಡದ ಎಳೆಯ ಭಾಗದಿಂದ ಬಂದಿರುವ ಸಾಧ್ಯತೆ ಜಾಸ್ತಿ.

ಮರ ಅಂದ್ರೆ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಕೊಳವೆಯ ಗೋಡೆಯಲ್ಲಿ ನೂಲಿನಂಥ ಎಳೆಗಳಿರುತ್ತವೆ. ಬಲಿತ ಭಾಗದಲ್ಲಿ ಅವು ಹೆಚ್ಚುಕಡಿಮೆ ನೆಟ್ಟಗಿರುತ್ತವೆ. ಮೊದಲ ಹತ್ತು ವರ್ಷ ತಿರುಳಿನ (ಕಾಂಡದ ನಟ್ಟನಡುವಿನ ಮೆತ್ತನೆಯ ಭಾಗ) ಸುತ್ತ ಬೆಳೆದ ಭಾಗದಲ್ಲಿ ಓರೆಯಾಗಿ ಸುತ್ತಿಕೊಂಡಿರುತ್ತವೆ. ಹಾಗಾಗಿ ಒಣಗುವಾಗ ಈ ಎಳೆಯ ಭಾಗ ಉದ್ದದಲ್ಲೂ ಕುಗ್ಗುತ್ತದೆ. ಒಂದು ಅಂಚು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಹಲಗೆ ಬಾಗಲೇಬೇಕು ಅಲ್ವಾ? ನ್ಯೂಜಿಲೆಂಡ್‌ನಲ್ಲಿ ಹೆಚ್ಚಾಗಿ ಬೆಳೆಸುವ ರೇಡಿಯೇಟಾ ಅನ್ನೋ ಜಾತಿಯ ಪೈನ್ ಅನ್ನು ಸಾಮಾನ್ಯವಾಗಿ 25ರಿಂದ 30 ವರ್ಷಕ್ಕೇ ಕಡಿಯುತ್ತಾರೆ. ಬೇಗ ದಪ್ಪಗಾದ ಮರದಲ್ಲಿ ಎಳೆಯ ಭಾಗದ ಪಾಲು ದೊಡ್ಡದು.

ಬರೀ ಬೆಳವಣಿಗೆ ನೋಡಿ ತಳಿ ಆರಿಸಿದರೆ ಮರದ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ಅದು ನಿಜ. ಆದರೆ ಬೇಗ ಬೆಳೆದೂ ಗಟ್ಟಿಯಾಗಿರುವ ಮರಗಳು ಸಿಗುತ್ತವೆ. ಸಾಂದ್ರತೆ ತಾಯಿ-ತಂದೆ ಮರಗಳಿಂದ ಸಸಿಗೆ ಚೆನ್ನಾಗಿ ಇಳಿದು ಬರುವ ಗುಣ. ಗಟ್ಟಿ ಮರಗಳನ್ನು ಆರಿಸಲು ತಳಿ ತಜ್ಞರು ನಿಂತ ಮರಕ್ಕೆ ಬಡಿದು, ಕಾಂಡದೊಳಗೆ ಶಬ್ದ ಸಾಗುವ ವೇಗ ಅಳೆಯುತ್ತಾರೆ. ವೇಗ ಜಾಸ್ತಿ ಇದ್ದರೆ ಆ ಮರ ಭಾರ ಬಿದ್ದರೂ ಸುಲಭಕ್ಕೆ ಬಾಗುವುದಿಲ್ಲ. ಮರವನ್ನು ಕಡಿಯದೇ ಅದರ ಗುಣ ತಿಳಿಯುವ ಈ ಉಪಾಯ ನನಗೆ ತುಂಬಾ ಇಷ್ಟ. ನಮ್ಮ ಕಡೆ ಮೆಕ್ಕೆಜೋಳದ ತಳಿ ಹೇಗಿದೆ ಅಂತ ನಾಲ್ಕು ತಿಂಗಳಲ್ಲಿ ಗೊತ್ತಾಗುತ್ತದೆ. ಪೈನ್‌ಗೆ ವರ್ಷಗಟ್ಟಲೆ ಕಾಯಬೇಕು.

ಮುಂದಿನ ಸಲ ಹಲಗೆಯ ತುದಿ ನೋಡಿ. ಅಗಲವಾದ ಉಂಗುರಗಳ ನಡುವೆ ತಿರುಳು ಕಂಡರೆ ಅದನ್ನು ಬಿಟ್ಟು ಬೇರೆ ತಗೊಳ್ಳಿ.